ಇಲವಾಲದ ಮ್ಯಾಗ್ನೆಟೊ

ತೀರಿಕೊಂಡ ಹಿರಿಯ ಮಗನ ಗಣಾರಾಧನೆ ಮುಗಿದು ಕೊನೆಯ ನೆಂಟರೂ ಚಾಮರಾಜನಗರದ ರೈಲು ಹತ್ತಿದರು. ಮಾರನೆಯ ಬೆಳಿಗ್ಗೆ ಪುಟ್ಟಬಸಮ್ಮ ಎಂದಿನ ಹೊತ್ತಿಗೇ ಎದ್ದು ಒಲೆ ಹೊತ್ತಿಸಿದರು. ಇಷ್ಟು ದಿನ ಆ ಅಡುಗೆಮನೆಯಲ್ಲಿ ಯಾರು ಯಾರೋ ಬೇಯಿಸಿ ಬಡಿಸಿದ್ದರು. ಉಪ್ಪಿನ ಭರಣಿ ಅಟ್ಟಕ್ಕೆ ಹೋಗಿತ್ತು. ಲಟ್ಟಣಿಗೆ ಹಂಡೆಯ ಹಿಂದೆ ಸಿಕ್ಕಿತು. ಸೊಸೆ ಪ್ರೇಮಲೀಲಾ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಡಬ್ಬಿಗೆ ಕೈ ಹಾಕಿದಳು.

"ಅದನ್ನ ನಾನು ಹಾಕ್ತೀನಿ, ಬುಡು," ಎಂದರು ಅತ್ತೆ ಒಳಗಿನಿಂದ.

ಅವಳು ಡಬ್ಬಿ ಕೆಳಗಿಟ್ಟು ಒಳಗೆ ಬಂದಳು. ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಗಂಡ ಗುರುಮಲ್ಲಪ್ಪ ಟೈಫಾಯ್ಡ್ ಜ್ವರದಲ್ಲಿ ಹೋದಂದಿನಿಂದ ಹೀಗೇ ಆಗಿತ್ತು. ಹೇಳಿದ್ದು ಕೇಳಿಸುತ್ತಿತ್ತು, ಕೇಳಿಸಿದ್ದನ್ನು ಮಾಡುತ್ತಿದ್ದಳು.

ಮಾವ ಶಿವರುದ್ರಪ್ಪ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ರೊಟ್ಟಿಗೆ ಕುಳಿತರು. ಅಮಲ್ದಾರರ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಕಿರಿಯ ಮಗ ಚೆನ್ನಬಸು ಪಕ್ಕದಲ್ಲಿ ಕುಳಿತ. ಅವನು ಮುನಿಸಿಪಾಲಿಟಿಯಲ್ಲಿ ಗುಮಾಸ್ತೆ.

"ಅಪ್ಪಾಜಿ, ಆ ಕಾಫಿ ಪುಡಿ ಗೋವಿಂದರಾಜು ಸಿಕ್ಕಿದ್ದ. ಷೆಡ್ಡು ಖಾಲಿ ಮಾಡಿಕೊಟ್ರೆ ಸಂಕ್ರಾಂತಿ ಕಳೀತಲೂ ಬೀಸೋ ಮಿಷನ್ನು ತಂದು ಹೂಡ್ತಾನಂತೆ."

"ಅದರಲ್ಲಿರೋ ಸಾಮಾನು?"

"ಗುಜರಿಯೋನು ಬರ್ತಾನೆ. ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ತೂಕ ಹಾಕ್ಕೊಂಡು ಹೋಗ್ತಾನೆ."

ಪುಟ್ಟಬಸಮ್ಮ ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ಮೊದ್ಲು ಅದು ತೊಲಗ್ಲಿ. ಆ ಸೀಮೆಣ್ಣೆ ವಾಸನೆ ಬಂದಾಗಲೆಲ್ಲ ಅವನು ಒಳಗೆ ಬಂದಂಗಾಗುತ್ತೆ."

ಷೆಡ್ಡು ಮನೆಯ ಕಾಂಪೌಂಡಿನೊಳಗೇ ರಸ್ತೆಗೆ ಮುಖಮಾಡಿ ಇತ್ತು. ಸರಸ್ವತಿಪುರಂನಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ಹಳೆಯ ಕಾರು, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದ ಮೋಟಾರು ಸೈಕಲ್ಲು, ಗಿರಣಿಯ ಎಂಜಿನ್ನು, ಯಾವುದರದೇ ಆಗಲಿ ಕಾರ್ಬುರೇಟರು ಕಟ್ಟಿಕೊಂಡರೆ, ಪೆಟ್ರೋಲು ಹೊತ್ತಿಸುವ ಮ್ಯಾಗ್ನೆಟೊ ಕಿಡಿ ಕೊಡದಿದ್ದರೆ ಜನ ಗುರುಮಲ್ಲಪ್ಪನಲ್ಲಿಗೆ ತರುತ್ತಿದ್ದರು. ಪ್ರೇಮಲೀಲಾ ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿದವಳು. ಸಂಜೆ ಅವಳು ಇಂಗ್ಲಿಷ್ ಕೈಪಿಡಿಗಳನ್ನು ಓದಿ ಹೇಳುತ್ತಿದ್ದಳು, ಅವನು ಅದನ್ನೇ ಕೈಯಲ್ಲಿ ಬಿಚ್ಚಿ ತೋರಿಸುತ್ತಿದ್ದ. ಮದುವೆಯಾದ ಮೇಲಿನ ಅವರ ಮಾತುಕತೆ ಹೆಚ್ಚಿನದೂ ಹೀಗೇ ನಡೆದಿತ್ತು.

ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಇಲವಾಲದ ಮರಿಸ್ವಾಮಿ. ಮಣ್ಣು ಮಾಡಿದ ದಿನ ಬಂದು, ಎಲ್ಲರ ಹಿಂದೆ ನಿಂತು ಹೋಗಿದ್ದವನು. ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಜಗಲಿಯ ಕೆಳಗೇ ನಿಂತ.

"ವೊತ್ತಾರೇನೇ ಬಂದ್ಬುಟ್ಟೆ ಬುದ್ಧಿ. ತಪ್ಪು ತಿಳ್ಕಬ್ಯಾಡಿ."

"ಏನಪ್ಪ, ಹೇಳು," ಎಂದರು ಶಿವರುದ್ರಪ್ಪ.

"ಗುರುಮಲ್ಲಣ್ಣೋರು ನಮ್ಮ ಪಂಪಿನ ಎಂಜಿನ್ನಿಂದ ಮ್ಯಾಗ್ನೆಟೊ ಬಿಚ್ಕೊಂಡು ಇಸ್ಕೊಂಡಿದ್ರು. ಮಳೆಗಾಲ, ನಂಗೂ ಬೇಕಿರ್ನಿಲ್ಲ. ಈಗ ಎಲೆ ತೋಟ ಒಣಗ್ತಾ ಅದೆ. ನಮ್ಮವ್ವ ಬಿಂದಿಗೇಲಿ ಹೊತ್ತು ಆಕ್ತಾ ಅವ್ಳೆ. ಎತ್ತು ಮಾರ್ಕೊಂಡು ಎಂಜಿನ್ ತಂದೋನು ನಾನು, ಕಪಿಲೆ ಹೊಡೆದು ನೀರೆತ್ತೋಣ ಅಂದ್ರೆ ಎತ್ತೂ ಇಲ್ಲ."

"ರಿಪೇರಿಗೆ ಕೊಟ್ಟಿದ್ದಾ?" ಎಂದ ಚೆನ್ನಬಸು.

"ಇಲ್ಲ ಸಾಮಿ, ನಂದು ಚೆನ್ನಾಗೇ ಇತ್ತು. ಯಾವ್ದೋ ಗಿರಣೀದು ಕೆಟ್ಟೋಗಿತ್ತಂತೆ. ನಂದೂ ಅದೇ ಜಾತೀದಂತೆ. ಜೋಡಿ ಇಟ್ಟು ನೋಡ್ಬೇಕು ಅಂದ್ರು."

ಅದು ಗುರುಮಲ್ಲಪ್ಪನ ಪದ್ಧತಿ. ಕೆಟ್ಟದ್ದನ್ನು ಒಂದನ್ನೇ ನೋಡಿದರೆ ಏನು ಕೆಟ್ಟಿದೆ ಎಂದು ಗೊತ್ತಾಗುವುದಿಲ್ಲ, ಸರಿಯಿರುವುದನ್ನು ಪಕ್ಕದಲ್ಲಿಟ್ಟು ಎರಡನ್ನೂ ಒಂದೊಂದೇ ತಿರುಪು ಬಿಚ್ಚಬೇಕು ಎನ್ನುತ್ತಿದ್ದ. ಹಾಗಾಗಿ ಅವನ ಬಳಿ ಯಾವಾಗಲೂ ಯಾರದೋ ಒಂದು ಎರವಲು ಸಾಮಾನು ಇರುತ್ತಿತ್ತು.

"ಇಸ್ಕೊಂಡಿದ್ದು ಅಂದ್ಮೇಲೆ ವಾಪಸ್ಸು ಕೊಡ್ಬೇಕು. ತಂದುಕೊಡೋ," ಎಂದರು ಶಿವರುದ್ರಪ್ಪ.

ಚೆನ್ನಬಸು ಷೆಡ್ಡಿಗೆ ಹೋಗಿ ಕೈ ಕೊಡವುತ್ತ ಹಿಂದಿರುಗಿದ. "ಮೂರು ನಾಲ್ಕು ಇವೆ. ಎಲ್ಲಾ ಬಿಚ್ಚಿ ತಟ್ಟೇಲಿ ಹರಡಿದಾನೆ. ನೀನೇ ಬಂದು ಯಾವ್ದಾದ್ರೂ ಒಂದು ಎತ್ಕೊಂಡು ಹೋಗಪ್ಪ."

"ಯಾವುದಾದರೂ ಆಗಲ್ಲ," ಎಂದಳು ಪ್ರೇಮಲೀಲಾ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅವಳು ಕೇಳದೆ ಮಾತಾಡಿ ಎಷ್ಟೋ ದಿನವಾಗಿತ್ತು.

"ಎಂಜಿನ್ನಿಗೆ ಹಿಡಿ ಹಾಕಿ ಯಾವ ಕಡೆ ತಿರುಗಿಸ್ತೀರಿ?"

ಮರಿಸ್ವಾಮಿ ಟವೆಲ್ಲನ್ನು ಹೆಗಲಿಗೆ ಹಾಕಿ ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದ. ಎಡಕ್ಕೆ.

"ಮ್ಯಾಗ್ನೆಟೊ ತಿರುಗಿಸೋದು ಚೈನೋ, ಹಲ್ಲಿನ ಚಕ್ರವೋ?"

"ಚೈನು ಕಣವ್ವ."

"ಹಾಗಾದರೆ ಎಂಜಿನ್ನೂ ಮ್ಯಾಗ್ನೆಟೊನೂ ಒಂದೇ ಕಡೆ ತಿರುಗತ್ತೆ." ಅವಳು ಷೆಡ್ಡಿಗೆ ಹೋದಳು. ಮ್ಯಾಗ್ನೆಟೊಗಳ ಮೈಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿರುತ್ತದೆ. ಜಾತಿ ಒಂದೇ ಆದರೂ ಗಿರಣಿಯದರ ಬಾಣ ಬಲಕ್ಕಿತ್ತು, ಎಡಕ್ಕೆ ಬಾಣವಿದ್ದದ್ದು ಒಂದೇ. ಅದರ ಭಾಗಗಳೆಲ್ಲ ಕಿಟಕಿಯ ಕೆಳಗಿನ ತಟ್ಟೆಯಲ್ಲಿದ್ದವು. ಕುದುರೆ ಲಾಳದಂಥ ದೊಡ್ಡ ಅಯಸ್ಕಾಂತ, ಅದರ ನಡುವೆ ತಿರುಗುವ ತಂತಿ ಸುತ್ತಿದ ಆರ್ಮೇಚರು, ಕಿಡಿಯ ಹೊತ್ತನ್ನು ಹಿಡಿಯುವ ಪುಟ್ಟ ಪಾಯಿಂಟುಗಳು. ಎಲ್ಲವೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿದ್ದವು.

"ಸಿಕ್ತು," ಎಂದಳು ಹೊರಗೆ ಬಂದು. "ಜೋಡಿಸಿ ಕೊಡ್ತೀನಿ. ಸಂಕ್ರಾಂತಿಯೊಳಗೆ."

"ನೀವಾ?" ಎಂದ ಮರಿಸ್ವಾಮಿ. ಆಮೇಲೆ ನಾಚಿಕೊಂಡು, ಮಡಿಲಲ್ಲಿದ್ದ ವೀಳ್ಯದೆಲೆ ಕಟ್ಟನ್ನು ಜಗಲಿಯ ಮೇಲಿಟ್ಟು ಹೊರಟುಹೋದ.

ಅಂದಿನಿಂದ ಮನೆಯಲ್ಲಿ ಮಾತು ಶುರುವಾಯಿತು.

"ಹೊಸಿಲು ದಾಟಬಾರದು ಅಂತ ನಾನು ಅಂದ್ರೆ, ಇವಳು ಗಂಡಸರ ಷೆಡ್ಡಲ್ಲಿ ಕೂತವ್ಳೆ," ಎಂದರು ಪುಟ್ಟಬಸಮ್ಮ, ಗಂಡನಿಗೆ ಕೇಳುವಂತೆ.

"ಷೆಡ್ಡು ಕಾಂಪೌಂಡಿನೊಳಗೇ ಇದೆಯಲ್ಲ."

"ರಸ್ತೆಗೆ ಕಾಣ್ಸುತ್ತೆ."

"ಬಾಗಿಲು ಹಾಕ್ಕೊಂಡು ಕೂತ್ಕೋಮ್ಮ, ಲೀಲಾ," ಎಂದರು ಶಿವರುದ್ರಪ್ಪ. ಅಲ್ಲಿಗೆ ಅವರ ತೀರ್ಪು ಮುಗಿಯಿತು.

ಬೆಳಗಿನ ಪಾತ್ರೆ, ಬಟ್ಟೆ, ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಅವಳಿಗೆ ಬಿಡುವು. ಸುಟ್ಟು ಕಪ್ಪಾದ ಪಾಯಿಂಟುಗಳನ್ನು ನಯವಾದ ಅರದಿಂದ ಉಜ್ಜಿದಳು. ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಹೊಸ ಗ್ರೀಸು ತುಂಬಿದಳು. ಉಗುರಿನ ಸಂದಿಯ ಕಪ್ಪು ಸೀಗೆಪುಡಿಗೂ ಹೋಗಲಿಲ್ಲ. ಅತ್ತೆ ಆ ಕೈಯನ್ನು ನೋಡಿ ಹಿಟ್ಟಿನ ಬೋಗುಣಿಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಮರಿಸ್ವಾಮಿ ವಾರಕ್ಕೊಮ್ಮೆ ಎಲೆ ಮಾರಲು ಪೇಟೆಗೆ ಬಂದಾಗ ಗೇಟಿನ ಹತ್ತಿರ ನಿಲ್ಲುತ್ತಿದ್ದ. "ಆಯ್ತಾ ತಾಯಿ?" "ಇನ್ನೂ ಇಲ್ಲ." ಪ್ರತಿ ವಾರವೂ ಅವನ ಬುಟ್ಟಿ ಹಗುರಾಗುತ್ತ ಬಂತು.

ಪುಷ್ಯ ಹುಟ್ಟುವ ಹೊತ್ತಿಗೆ ಎಲ್ಲ ಜೋಡಿಸಿದಳು. ತಂತಿಯ ತುದಿಯನ್ನು ಕಬ್ಬಿಣದ ಮೈಗೆ ಹತ್ತಿರ ಹಿಡಿದು ಆರ್ಮೇಚರಿನ ದಂಡವನ್ನು ಕೈಯಲ್ಲೇ ತಿರುಗಿಸಿದಳು. ಕಿಡಿ ಬರಲಿಲ್ಲ. ಇನ್ನೂ ಹತ್ತಿರ ಹಿಡಿದಾಗ ಸಾಸಿವೆ ಸಿಡಿದಷ್ಟು ಏನೋ ಮಿನುಗಿತು. ಅಷ್ಟರಿಂದ ಎಂಜಿನ್ನು ಹತ್ತುವುದಿಲ್ಲ. ತಂತಿ ಸರಿಯಿತ್ತು, ಪಾಯಿಂಟು ಸರಿಯಿತ್ತು. ಕೊನೆಗೆ ಒಂದು ಮೊಳೆಯನ್ನು ಅಯಸ್ಕಾಂತದ ಹತ್ತಿರ ಹಿಡಿದಳು. ಅದು ಸೋಮಾರಿಯಂತೆ ಅಂಟಿತು, ಬೆರಳು ತಾಗಿದರೆ ಬಿತ್ತು. ಅಯಸ್ಕಾಂತವೇ ಶಕ್ತಿ ಕಳೆದುಕೊಂಡಿತ್ತು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೊದಲು ಕಲಿಸಿದ ಪಾಠವೇ ಅದು. ಅಯಸ್ಕಾಂತವನ್ನು ಬರಿದೇ ಇಡಬಾರದು, ಎರಡು ತುದಿಗೂ ಸೇರಿಸಿ ಮೆದು ಕಬ್ಬಿಣದ ಪಟ್ಟಿ ಇಡಬೇಕು, ಇಲ್ಲದಿದ್ದರೆ ಶಕ್ತಿ ಸೋರಿಹೋಗುತ್ತದೆ. ಗುರುಮಲ್ಲಪ್ಪ ಪಾಠವಿಲ್ಲದೆಯೇ ಅದನ್ನು ಮಾಡುತ್ತಿದ್ದ. ಆರ್ಮೇಚರು ಹೊರತೆಗೆದ ತಕ್ಷಣ ಲಾಳದ ಬಾಯಿಗೆ ಒಂದು ಪಟ್ಟಿ ಅಂಟಿಸುತ್ತಿದ್ದ. ಜ್ವರ ಬಂದ ದಿನವೂ ಅಂಟಿಸಿಯೇ ಎದ್ದು ಬಂದಿದ್ದನ್ನು ಅವಳೇ ನೋಡಿದ್ದಳು. ಈಗ ತಟ್ಟೆಯಲ್ಲಿ ಪಟ್ಟಿ ಇರಲಿಲ್ಲ. ತಾನು ತಟ್ಟೆ ಎತ್ತಿಕೊಂಡ ದಿನವೂ ಇರಲಿಲ್ಲ ಎಂಬುದು ಈಗ ನೆನಪಾಯಿತು.

ಊಟದ ಹೊತ್ತಿಗೆ ಚೆನ್ನಬಸು ಬಂದ. ಅವಳು ಸಾರು ಬಡಿಸುತ್ತಲೇ ಕೇಳಿದಳು. "ಷೆಡ್ಡಿಂದ ಏನಾದರೂ ಆಗಲೇ ಗುಜರಿಗೆ ಕೊಟ್ಟಿದೀಯಾ, ಚೆನ್ನಬಸು?"

"ನಾನಾ? ಏನೂ ಕೊಟ್ಟಿಲ್ಲ."

"ಒಂದು ಕಬ್ಬಿಣದ ಪಟ್ಟಿ ಇತ್ತು. ಬೆರಳುದ್ದದ್ದು. ನೀನಲ್ಲದೆ ಇನ್ಯಾರು ಒಳಗೆ ಹೋಗಿದ್ದರು?"

"ಬೆರಳುದ್ದದ ಕಬ್ಬಿಣ ಮಾರ್ಕೊಂಡು ನಾನು ಬಂಗ್ಲೆ ಕಟ್ಟಿಸ್ತೀನಾ ಅತ್ತಿಗೆ?"

"ಅದಿಲ್ಲದೆ ಇಡೀ ಮ್ಯಾಗ್ನೆಟೊ ಹಾಳಾಯಿತು."

"ಹಾಳಾಯ್ತು ಅಂದ್ರೆ ನಿಮ್ಮ ಕೈಗುಣ ಅನ್ನಿ. ನನ್ನ ಯಾಕೆ ಕಳ್ಳನ್ನ ಮಾಡ್ತೀರಿ?" ಚೆನ್ನಬಸು ಕಲಸಿದ ಅನ್ನ ಬಿಟ್ಟು ಎದ್ದ. "ನಮ್ಮಣ್ಣ ಬದುಕಿದ್ದಿದ್ರೆ ಹಿಂಗೆ ಅನ್ತಿದ್ರಾ?"

"ಅನ್ನದ ಮುಂದಿಂದ ಏಳಬ್ಯಾಡ ಕಣೋ!" ಎಂದು ಪುಟ್ಟಬಸಮ್ಮ ಕೂಗಿದರು. ಅವನು ಸೈಕಲ್ ಹತ್ತಿ ಹೋಗಿಯಾಗಿತ್ತು. ಅಂದಿನಿಂದ ಅವನು ಅತ್ತಿಗೆಯೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಅವ್ವನನ್ನೇ ಕೇಳುತ್ತಿದ್ದ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಹಾಸಿಗೆಗಳನ್ನು ಹೊರಗೆ ಹಾಕುವ ದಿನ. ಪ್ರೇಮಲೀಲಾ ಜಮಖಾನ ಒದರಿ ತಂತಿಯ ಮೇಲೆ ಹಾಕಿ, ತನ್ನ ದಿಂಬನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಸೆದಳು. ಅದು ಠಣ್ ಎಂದಿತು.

ಎತ್ತಿ ಹಿಚುಕಿ ನೋಡಿದಳು. ಒಂದು ಮೂಲೆಯ ಹೊಲಿಗೆ ಹೊಸದು, ದೊಡ್ಡ ದೊಡ್ಡ ಹೊಲಿಗೆ. ಬಿಚ್ಚಿದಾಗ ಹತ್ತಿಯೊಳಗಿಂದ ಕಬ್ಬಿಣದ ಪಟ್ಟಿ ಹೊರಬಂತು.

"ಅತ್ತೆ, ಇದೇನು?"

ಪುಟ್ಟಬಸಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದರು. ತಲೆ ಎತ್ತಿ, ಮತ್ತೆ ಬಗ್ಗಿಸಿದರು. "ಕಬ್ಬಿಣ ಕಣಮ್ಮ. ನೀನು ನಿದ್ದೇಲಿ ಬೆಚ್ಚಿ ಬೆಚ್ಚಿ ಏಳ್ತಿದ್ದೆ. ಇಂಥಾ ಹೊತ್ನಲ್ಲಿ ತಲೆದೆಸೇಲಿ ಕಬ್ಬಿಣ ಇರಬೇಕು."

"ಅದಕ್ಕೆ ಇದೇ ಬೇಕಿತ್ತಾ?"

"ಈಳಿಗೆಮಣೆ ಇಡಾಣ, ಚಾಕು ಇಡಾಣ ಅಂದ್ಕೊಂಡೆ." ಅವರು ಬೀಜವೊಂದನ್ನು ಬೇರೆ ಹಾಕಿದರು. "ನಿನ್ನ ಪಕ್ಕದಲ್ಲಿ ಚಾಕು ಇಡಕ್ಕೆ ನನಗೆ ಭಯ ಆಯ್ತು. ಇದಕ್ಕೆ ಮೊನೆ ಇಲ್ಲ, ಅಂಚಿಲ್ಲ. ಲಾಳಕ್ಕೆ ಅಂಟ್ಕೊಂಡಿತ್ತು. ಕೀಳಕ್ಕೆ ಎಷ್ಟು ಕಷ್ಟ ಆಯ್ತು ಅಂತೀಯ, ಅವನೇ ಕೈ ಹಿಡ್ಕೊಂಡು ಬುಡದೇ ಇದ್ದಂಗಿತ್ತು."

ಜಗಲಿಯಿಂದ ಶಿವರುದ್ರಪ್ಪ ಪತ್ರಿಕೆ ಮಡಚಿದರು. "ಲಿಂಗ ಕಟ್ಟಿದೋರ ಮನೇಲಿ ದೆವ್ವಕ್ಕೆ ಕಬ್ಬಿಣ! ಮಠದ ಅಯ್ಯನೋರಿಗೆ ಗೊತ್ತಾದ್ರೆ ನಗ್ತಾರೆ."

"ನಗ್ಲಿ. ನಿಮ್ಮ ಅಯ್ಯನೋರು ನನ್ನ ಮಗನ್ನ ಉಳಿಸಿಕೊಟ್ರಾ? ಸುಮ್ನೆ ಪೇಪರ್ ಓದಿ."

ಪತ್ರಿಕೆ ಮತ್ತೆ ಬಿಡಿಸಿಕೊಂಡಿತು.

ಪ್ರೇಮಲೀಲಾ ಕಲ್ಲಿನ ಮೇಲೆ ಕುಳಿತು, ಆ ಪಟ್ಟಿ ಅಲ್ಲಿ ಯಾಕಿತ್ತು, ತೆಗೆದದ್ದರಿಂದ ಏನಾಯಿತು ಎಂದು ನಿಧಾನವಾಗಿ ಹೇಳಿದಳು. ಬೈಯಲು ಅವಳಿಗೆ ಆಗಲಿಲ್ಲ. ಪುಟ್ಟಬಸಮ್ಮನ ಕೈ ಹುಣಸೆಹಣ್ಣಿನಲ್ಲೇ ನಿಂತಿತು.

"ಹಂಗಾದ್ರೆ ಅದರ ಜೀವ ನಾನೇ ತೆಗೆದಂಗಾಯ್ತು."

"ಮತ್ತೆ ತುಂಬಬಹುದು ಅತ್ತೆ."

"ಯಾರು ತುಂಬ್ತಾರೆ?"

"ನಮ್ಮ ಕಾಲೇಜಲ್ಲಿ ದೊಡ್ಡ ವಿದ್ಯುತ್ ಅಯಸ್ಕಾಂತ ಇದೆ. ಆದರೆ ನಾನೇ ಹೋಗಬೇಕು."

ಅತ್ತೆ ಬೀಜಗಳನ್ನು ಒಟ್ಟುಮಾಡಿ, ಸೆರಗಿಗೆ ಕೈ ಒರೆಸಿ ಎದ್ದರು. "ಮಾವನ್ನ ಜೊತೇಲಿ ಕರ್ಕೊಂಡು ಹೋಗು. ಮೊದ್ಲು ಆ ಹುಡುಗನ ಹತ್ರ ಒಂದು ಮಾತಾಡು. ನಿನ್ನ ಮೇಲಿನ ಸಿಟ್ಟಿಗೆ ಸಾರಿಗೆ ತುಪ್ಪಾನೂ ಹಾಕಿಸ್ಕೊಳ್ತಿಲ್ಲ."

ಚೆನ್ನಬಸು ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದ. ಅವಳು ಪಟ್ಟಿಯನ್ನು ತೋರಿಸಿದಳು.

"ನನ್ನ ದಿಂಬಿನಲ್ಲಿತ್ತು. ನಾನು ಅಂದಿದ್ದು ತಪ್ಪು."

"ದಿಂಬಿನಲ್ಲಾ?" ಅವನು ಅದನ್ನು ತಿರುಗಿಸಿ ನೋಡಿ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದ. "ಅವ್ವಾನಾ?"

ಅವಳು ತಲೆಯಾಡಿಸಿದಳು. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಲಾಳಕ್ಕೆ ಶಕ್ತಿ ತುಂಬಿಸಲು ಕಾಲೇಜಿಗೆ ಒಯ್ಯಬೇಕೆಂದು ಅವಳು ಹೇಳಿದಳು. "ತೂಕ ಇದೆಯಲ್ಲ ಆ ಲಾಳ. ಸೈಕಲ್ ಕ್ಯಾರಿಯರ್ ಮೇಲೆ ಕಟ್ಕೊಂಡು ಕಾಲೇಜಿಗೆ ನಾನೇ ತರ್ತೀನಿ. ನೀವು ಅಪ್ಪಾಜಿ ಜೊತೆ ನಡ್ಕೊಂಡು ಬನ್ನಿ," ಎಂದ.

ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದ್ದ ವೇದವತಿ ಪ್ರಯೋಗಶಾಲೆಯ ಬೀಗ ತೆಗೆಸಿದರು. ಅವಳ ಬರಿಯ ಹಣೆಯನ್ನು ನೋಡಿದರು. ಲಾಳವನ್ನು ಮೇಜಿನ ಮೇಲಿಟ್ಟುಕೊಂಡು, "ಉತ್ತರ ಧ್ರುವ ಯಾವುದು ಅಂತ ಗುರುತು ಮಾಡಿದೀಯಾ?" ಎಂದರು.

"ಸುಣ್ಣದಲ್ಲಿ ಚುಕ್ಕೆ ಇಟ್ಟಿದೀನಿ ಮೇಡಂ."

"ಸದ್ಯ. ಮೊದಲನೇ ವರ್ಷ ನೀನು ಉಲ್ಟಾ ಹಿಡಿದು ದಿಕ್ಸೂಚಿ ಕೆಡಿಸಿದ್ದೆ."

ಬ್ಯಾಟರಿಗಳ ಸಾಲಿನಿಂದ ವಿದ್ಯುತ್ ಅಯಸ್ಕಾಂತಕ್ಕೆ ಕರೆಂಟು ಹರಿಸಿದರು. ಲಾಳ ಗಕ್ಕನೆ ಅದಕ್ಕೆ ಕಚ್ಚಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಶಿವರುದ್ರಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ತೆಗೆಯುವಾಗ ಪ್ರೇಮಲೀಲಾ ಪಟ್ಟಿಯನ್ನು ಮೊದಲು ಅಂಟಿಸಿ, ಆಮೇಲೆ ಲಾಳವನ್ನು ಎಳೆದಳು.

ಮನೆಗೆ ಬಂದು ಜೋಡಿಸಿದ ಮೇಲೆ ತಂತಿ ಹಿಡಿದುಕೊಳ್ಳಲು ಚೆನ್ನಬಸುವನ್ನು ಕರೆದಳು. "ರಬ್ಬರ್ ಹಿಡ್ಕೋ, ತುದಿ ಮುಟ್ಟಬೇಡ," ಎಂದು ದಂಡ ತಿರುಗಿಸಿದಳು.

"ಅಯ್ಯಯ್ಯಪ್ಪಾ!" ಎಂದು ಅವನು ಹಾರಿ ಸೀಮೆಣ್ಣೆ ಡಬ್ಬದ ಮೇಲೆ ಕುಳಿತ.

ಪುಟ್ಟಬಸಮ್ಮ ಸೌಟು ಹಿಡಿದುಕೊಂಡೇ ಓಡಿಬಂದರು. "ಏನಾಯ್ತೋ?"

"ಜೀವ ಬಂದಿದೆ ಕಣವ್ವ! ಮೊಣಕೈವರೆಗೂ ಬಂದಿದೆ!"

ಪುಟ್ಟಬಸಮ್ಮ ನಕ್ಕರು. ತಾನು ನಗುತ್ತಿರುವುದು ತಿಳಿದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಸಂಕ್ರಾಂತಿ ಕಳೆದಿತ್ತು. ಗೋವಿಂದರಾಜು ಆಗಲೇ ಬೀಸುವ ಮಿಷನ್ನಿಗೆ ಜಾಗ ಅಳೆದು ಹೋಗಿದ್ದ. ಪ್ರೇಮಲೀಲಾ ಮಾವನ ಜೊತೆ ಹುಣಸೂರು ಬಸ್ಸು ಹತ್ತಿದಳು. ಬಟ್ಟೆಯಲ್ಲಿ ಸುತ್ತಿದ ಮ್ಯಾಗ್ನೆಟೊ ಅವಳ ಮಡಿಲಲ್ಲಿತ್ತು. ಶಿವರುದ್ರಪ್ಪ ಕಂಡಕ್ಟರನೊಡನೆ ಹೊಸ ಪೈಸೆ, ಹಳೆ ಕಾಸಿನ ವ್ಯತ್ಯಾಸಕ್ಕೆ ಇಲವಾಲ ಬರುವವರೆಗೂ ವಾದ ಮಾಡಿದರು.

ತೋಟದಲ್ಲಿ ಮರಿಸ್ವಾಮಿಯ ತಾಯಿ ದೇವಿರಮ್ಮ ಬಾವಿಯ ಕಡೆಯಿಂದ ಬಿಂದಿಗೆ ಹೊತ್ತು ಬರುತ್ತಿದ್ದಳು. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ, ಬೆನ್ನೆಲ್ಲ ಒದ್ದೆ. ಬಾವಿಯ ಹತ್ತಿರದ ಬಳ್ಳಿಗಳು ಹಸಿರಾಗಿದ್ದವು, ದೂರದ ಸಾಲುಗಳಲ್ಲಿ ಎಲೆ ಮುದುರಿತ್ತು.

ಪ್ರೇಮಲೀಲಾ ಎಂಜಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಪ್ಲಗ್ಗು ತೆಗೆಸಿ, ಆ ತೂತಿನಲ್ಲಿ ಒಂದು ಕಡ್ಡಿ ಬಿಟ್ಟು, ಪಿಸ್ಟನ್ನು ಮೇಲಕ್ಕೆ ಬರುವವರೆಗೆ ಮರಿಸ್ವಾಮಿಯಿಂದ ಚಕ್ರ ತಿರುಗಿಸಿದಳು. ಪಾಯಿಂಟುಗಳ ನಡುವೆ ಊದುಬತ್ತಿ ಕಟ್ಟಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತ, ಮ್ಯಾಗ್ನೆಟೊದ ದಂಡವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಕಾಗದ ಸಡಿಲವಾಗಿ ಜಾರಿದ ಕಡೆ, ಅಂದರೆ ಪಾಯಿಂಟು ಬಾಯಿಬಿಟ್ಟು ಕಿಡಿ ಹುಟ್ಟುವ ಕಡೆ, ನಿಲ್ಲಿಸಿ ಬಿಗಿದಳು.

"ಹಿಡಿ ಹಾಕಿ ತಿರುಗಿಸಿ."

ಮರಿಸ್ವಾಮಿ ಹಿಡಿ ಹಾಕಿ ತಿರುಗಿಸಿದ. ಎಂಜಿನ್ನು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ. ಸುಮ್ಮನೇ ಇತ್ತು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡಿದ.

"ಕಿಡಿ ಇದೆ. ಎಣ್ಣೆ ಬರ್ತಿಲ್ಲ," ಎಂದಳು ಪ್ರೇಮಲೀಲಾ. ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದಳು. ಮಳೆಗಾಲದ ಪೆಟ್ರೋಲು ಅಂಟಿನಂತಾಗಿ ತಳದಲ್ಲಿ ಕುಳಿತಿತ್ತು. ಪೆಟ್ರೋಲು ಹಾಯುವ, ಸಾಸಿವೆಯಷ್ಟು ತೂತಿನ ಹಿತ್ತಾಳೆ ಜೆಟ್ಟನ್ನು ಕಳಚಿ, ಬಾಯಿಟ್ಟು ಊದಿದಳು. ಕಟ್ಟಿತ್ತು. ತೊಳೆದು ಮತ್ತೆ ಊದಿದಳು. ಬಿಸಿಲಿಗೆ ಹಿಡಿದು ನೋಡಿದಾಗ ಬೆಳಕಿನ ಚುಕ್ಕೆ ಕಂಡಿತು.

ಈ ಸಲ ಎಂಜಿನ್ನು ಹತ್ತಿತು. ಕಪ್ಪು ಹೊಗೆ, ಆಮೇಲೆ ತಿಳಿ ಹೊಗೆ. ಕೊಳವೆಯಲ್ಲಿ ಮೊದಲು ಗಾಳಿ ಬುಸುಗುಟ್ಟಿತು, ಕೆಂಪು ನೀರು ಬಂತು, ಕಾಲುವೆಯಲ್ಲಿ ನೊರೆ ಎಬ್ಬಿಸಿಕೊಂಡು ಹರಿಯಿತು.

"ಗುರುಮಲ್ಲಣ್ಣೋರ ಕೈ ಅಂದ್ರೆ ಕೈ!" ಎಂದು ಮರಿಸ್ವಾಮಿ ಸದ್ದಿನ ಮೇಲೆ ಕೂಗಿದ.

"ಅವನು ಬಿಚ್ಚಿದ್ದ ಕಣಪ್ಪ," ಎಂದು ಶಿವರುದ್ರಪ್ಪ ಅಷ್ಟೇ ಜೋರಾಗಿ ಹೇಳಿದರು. "ಜೋಡಿಸಿದ್ದು ಇವಳು."

ದೇವಿರಮ್ಮ ಬಿಂದಿಗೆ ಇಳಿಸಿ ಪ್ರೇಮಲೀಲಾಳ ಪಕ್ಕದಲ್ಲಿ ನಿಂತಳು. "ಒಂದ್ ಮಾತು ಹೇಳ್ತೀನಿ, ನೊಂದ್ಕಬ್ಯಾಡ ಮಗ. ಇದನ್ನ ಇಸ್ಕೊಂಡು ಓಗೋವಾಗ, ತಡ ಮಾಡಿದ್ರೆ ನನ್ನ ನೆತ್ತಿ ಸವೀತದೆ ಕಣಪ್ಪ ಅಂದೆ. ಅದ್ಕೆ ನಿನ್ನ ಗಂಡ, ಕಾರ್ತೀಕ ದಾಟಿದ್ರೆ ನಾನೇ ಬಂದು ನೀರು ಹೊರ್ತೀನಿ ಅಜ್ಜಿ, ಬಿಂದಿಗೆ ಮಡಗಿರು, ಅಂದ. ನಗ್ತಾ ಅಂದ."

ಪ್ರೇಮಲೀಲಾ ಕೇಳಿಸಿಕೊಂಡಳು. ಕಾರ್ತೀಕ ದಾಟಿ ಎಷ್ಟೋ ದಿನವಾಗಿತ್ತು. ಎಣ್ಣೆಯ ಕೈಯನ್ನು ಕಾಲುವೆಯಲ್ಲಿ ತೊಳೆದುಕೊಂಡು, ಸೆರಗು ಸಿಕ್ಕಿಸಿ, ಬಿಂದಿಗೆಯನ್ನು ಎತ್ತಿ ತುಂಬಿದಳು.

"ಅಯ್ಯೋ, ಬುಡವ್ವ! ನೀರು ತಾನೇ ಬತ್ತಾ ಅದಲ್ಲ! ಬುದ್ಧಿ, ನೀವಾದ್ರೂ ಏಳಿ."

ಶಿವರುದ್ರಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಹೊರಲಿ ಬುಡಮ್ಮ."

ಅವಳಿಗೆ ಬಿಂದಿಗೆ ಹೊತ್ತು ಅಭ್ಯಾಸವಿರಲಿಲ್ಲ, ಮನೆಯಲ್ಲಿ ನಲ್ಲಿ ಇತ್ತು. ಸೊಂಟದ ಮೇಲಿಟ್ಟುಕೊಂಡು ಕಾಲುವೆ ನೀರು ಇನ್ನೂ ತಲುಪದ ಕೊನೆಯ ಸಾಲಿಗೆ ನಡೆದಳು. ಒಂದು ಬಳ್ಳಿಯ ಬುಡಕ್ಕೆ ಹಾಕಿದಳು, ಹಿಂದಿರುಗಿ ಬಂದು ಮತ್ತೆ ತುಂಬಿದಳು. ದೇವಿರಮ್ಮ ತನ್ನ ತಲೆಯ ಸಿಂಬಿ ತೆಗೆದು ಅವಳ ತಲೆಗೆ ಇಟ್ಟಳು. ಆ ಸಾಲು ಮುಗಿಯುವವರೆಗೂ ಪ್ರೇಮಲೀಲಾ ಹೊತ್ತಳು. ಆಮೇಲೆ ಬಿಂದಿಗೆಯನ್ನು ಒಳಗೂ ಹೊರಗೂ ತೊಳೆದು ದೇವಿರಮ್ಮನ ಕೈಗೆ ಕೊಟ್ಟಳು.